ಕಾಫಿ ತೋಟದಿಂದ ಕಡಲತೀರದವರೆಗೆ: ಲೆನ್ಸ್ ಫಿಲ್ಟರ್ ಆರಿಸುವುದು ಹೇಗೆ, ಬಳಸುವುದು ಹೇಗೆ

ಮಳೆ ಹೊಳವಾದ ಮೇಲೆ ಕಾಫಿ ತೋಟದೊಳಗೆ ಹೋಗಿ ಒಂದು ಫೋಟೋ ತೆಗೆದು ನೋಡಿ. ಕಣ್ಣಿಗೆ ಕಡುಹಸಿರಾಗಿ ಕಂಡಿದ್ದ ತೋಟ ಕ್ಯಾಮೆರಾ ಪರದೆಯಲ್ಲಿ ಬಿಳಿಚಿಕೊಂಡಿರುತ್ತದೆ. ಕಾಫಿ ಎಲೆಯ ಮೈ ಮೇಣ ಸವರಿದ ಹಾಗೆ ನುಣುಪು. ಒಂದೊಂದು ಎಲೆಯೂ ಮೋಡದ ಬಿಳುಪನ್ನು ಕನ್ನಡಿಯ ಚೂರಿನಂತೆ ವಾಪಸು ಎಸೆಯುತ್ತಿರುತ್ತದೆ. ಆ ಹೊಳಪಿನ ಅಡಿಯಲ್ಲಿರುವ ಹಸಿರು ಕ್ಯಾಮೆರಾದ ಒಳಗೆ ಸರಿಯಾಗಿ ಇಳಿದೇ ಇಲ್ಲ. ಇಳಿಯದ ಬಣ್ಣವನ್ನು ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತು ಎಷ್ಟು ಎಳೆದರೂ ಸಿಗುವುದು ಪ್ಲಾಸ್ಟಿಕ್ ಗಿಡದ ಹಸಿರು. ಅದೇ ಜಾಗದಲ್ಲಿ ಲೆನ್ಸಿನ ಮುಂದೆ ಪೋಲರೈಸರ್ ಎಂಬ ತಿರುಗುವ ಗಾಜಿನ ಫಿಲ್ಟರ್ ಒಂದನ್ನು ಕೂರಿಸಿ ನಿಧಾನವಾಗಿ ತಿರುಗಿಸಿ. ಒಂದು ಹಂತದಲ್ಲಿ ಎಲೆಗಳ ಮೇಲಿನ ಬಿಳಿ ಪೊರೆ ಕಳಚಿಬಿದ್ದು ತೋಟ ತನ್ನ ಬಣ್ಣಕ್ಕೆ ಮರಳುತ್ತದೆ.

ಫಿಲ್ಟರ್ ಕೊಳ್ಳಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಇದು ಮಾಡುವ ಕೆಲಸವನ್ನು ಆಮೇಲೆ ಎಡಿಟಿಂಗ್‌ನಲ್ಲಿ ಮಾಡಬಹುದೇ? ಮಾಡಬಹುದಾದರೆ ಬೇಡ. ಫಿಲ್ಮ್ ಕಾಲದಲ್ಲಿ ಕಪ್ಪು ಬಿಳುಪಿಗೆ ಹಳದಿ, ಕಿತ್ತಳೆ, ಕೆಂಪು ಫಿಲ್ಟರ್‌ಗಳು ಬೇಕೇ ಬೇಕಿದ್ದವು. ಕೆಂಪು ಗಾಜು ನೀಲಿ ಆಕಾಶವನ್ನು ಕಪ್ಪಾಗಿಸಿ ಮೋಡವನ್ನು ಎದ್ದು ನಿಲ್ಲಿಸುತ್ತಿತ್ತು. ಡಿಜಿಟಲ್‌ನಲ್ಲಿ ಬಣ್ಣದ ಫೋಟೋ ತೆಗೆದು ಕಪ್ಪು ಬಿಳುಪಿಗೆ ತಿರುಗಿಸುವಾಗ ಅದೇ ಕೆಲಸವನ್ನು ಸ್ಲೈಡರ್ ಮಾಡುತ್ತದೆ. ಬಿಸಿಲಿನ ಛಾಯೆ ಕೊಡುವ, ನೀಲಿ ಕಡಿಮೆ ಮಾಡುವ ಫಿಲ್ಟರ್‌ಗಳ ಕೆಲಸ ಈಗ ಬೆಳಕಿಗೆ ತಕ್ಕಂತೆ ಚಿತ್ರದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್‌ನದ್ದು. ಈ ಪ್ರಶ್ನೆಯ ಜರಡಿಯಲ್ಲಿ ಕೊನೆಗೆ ಉಳಿಯುವವು ಎರಡು: ಹೊಳಪು ತಡೆಯುವ ಪೋಲರೈಸರ್ ಮತ್ತು ಬೆಳಕನ್ನು ಕಡಿಮೆ ಮಾಡುವ ಎನ್‌ಡಿ. ಮೂರನೆಯದು ಅರ್ಧ ಬೂದು, ಅರ್ಧ ತಿಳಿಯಾಗಿರುವ ಗ್ರ್ಯಾಜುಯೇಟೆಡ್ ಎನ್‌ಡಿ, ಅದು ನೀವು ತೆಗೆಯುವ ಚಿತ್ರಗಳನ್ನು ಅವಲಂಬಿಸಿದ್ದು. ಹತ್ತು ಫಿಲ್ಟರ್‌ಗಳ ಅಗ್ಗದ ಕಿಟ್ ಕೊಳ್ಳುವ ಹಣವನ್ನು ಒಂದು ಒಳ್ಳೆಯ ಪೋಲರೈಸರ್‌ಗೆ ಹಾಕಿ.

ಮೊದಲ ಹೆಜ್ಜೆ: ಅಳತೆ

ಲೆನ್ಸಿನ ಮುಂದಿನ ಉಂಗುರದ ಮೇಲೆ, ಇಲ್ಲವೇ ಲೆನ್ಸ್ ಮುಚ್ಚಳದ ಒಳಬದಿಯಲ್ಲಿ, ಸೊನ್ನೆಗೆ ಅಡ್ಡಗೆರೆ ಎಳೆದಂಥ ಗುರುತಿನ ಪಕ್ಕ ಒಂದು ಸಂಖ್ಯೆ ಇರುತ್ತದೆ. 49, 52, 55, 58, 62, 67, 72, 77, 82, ಹೀಗೆ. ಅದೇ ಫಿಲ್ಟರ್ ಅಳತೆ, ಮಿಲಿಮೀಟರ್ ಲೆಕ್ಕದಲ್ಲಿ. ಹೊಸಬರು ಬಹಳ ಜನ ಇದನ್ನು ಫೋಕಲ್ ಲೆಂತ್ (ಲೆನ್ಸಿನ ನೋಟ ಎಷ್ಟು ಅಗಲ ಎಂದು ಹೇಳುವ ಸಂಖ್ಯೆ) ಜೊತೆ ಕಲಸಿಕೊಳ್ಳುತ್ತಾರೆ. 50 ಮಿ.ಮೀ. ಲೆನ್ಸಿಗೆ 50ರ ಫಿಲ್ಟರ್ ಎಂದು ಹುಡುಕಿದರೆ ಸಿಗುವುದಿಲ್ಲ. ಕ್ಯಾನನ್‌ನ 50 ಮಿ.ಮೀ. ಎಫ್ 1.8 ಎಸ್‌ಟಿಎಂ ಲೆನ್ಸಿಗೆ 49 ಬೇಕು, ನಿಕಾನ್‌ನ 50 ಮಿ.ಮೀ. ಎಫ್ 1.8ಜಿಗೆ 58.

ಲೆನ್ಸಿಗೊಂದು ಫಿಲ್ಟರ್ ಕೊಳ್ಳಬೇಡಿ. ನಿಮ್ಮಲ್ಲಿರುವ, ಮುಂದೆ ಕೊಳ್ಳಬಹುದಾದ ಲೆನ್ಸುಗಳಲ್ಲಿ ಅತಿ ದೊಡ್ಡ ಅಳತೆ ಯಾವುದೋ ಅದಕ್ಕೆ ಫಿಲ್ಟರ್ ಕೊಂಡು, ಉಳಿದವಕ್ಕೆ ಸ್ಟೆಪ್ ಅಪ್ ರಿಂಗ್ ಬಳಸಿ. 58ರ ಲೆನ್ಸಿಗೆ 77ರ ಫಿಲ್ಟರ್ ಕೂರಿಸುವ ಲೋಹದ ಉಂಗುರ ಅದು, ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ತೊಂದರೆ ಒಂದೇ: ಆ ಲೆನ್ಸಿನ ಹುಡ್ (ಮುಂದೆ ಸಿಕ್ಕಿಸುವ ಬಿಸಿಲುತಡೆ) ಹಾಕಲು ಆಗುವುದಿಲ್ಲ. ಸ್ಟೆಪ್ ಡೌನ್ ರಿಂಗ್ ಕೊಂಡು ದೊಡ್ಡ ಲೆನ್ಸಿಗೆ ಸಣ್ಣ ಫಿಲ್ಟರ್ ಹಾಕಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ, ಆ ದಾರಿ ಬೇಡ. ಮುಂದಿನ ಗಾಜು ಉಬ್ಬಿಕೊಂಡಿರುವ ಕೆಲವು ಅಗಲ ಕೋನದ ಲೆನ್ಸುಗಳಿಗೆ ಫಿಲ್ಟರ್ ತಿರುಗಿಸಿ ಕೂರಿಸುವ ಮರೆಯೇ (ಥ್ರೆಡ್) ಇರುವುದಿಲ್ಲ. ಅಂಥವಕ್ಕೆ ದೊಡ್ಡ ಚೌಕ ಫಿಲ್ಟರ್ ಮತ್ತು ಅದರದ್ದೇ ಹೋಲ್ಡರ್ ಬೇಕು.

ಫಿಲ್ಟರ್ ಉಂಗುರದ ಲೋಹವನ್ನೂ ಗಮನಿಸಿ. ಹಿತ್ತಾಳೆಯದು ಲೆನ್ಸಿನ ಮರೆಗೆ ಕಚ್ಚಿಕೊಳ್ಳುವುದು ಕಡಿಮೆ, ಅಲ್ಯೂಮಿನಿಯಂ ಹಗುರ, ಆದರೆ ಬೇಗ ಸಿಕ್ಕಿಕೊಳ್ಳುತ್ತದೆ. ಗಾಜಿನ ಎರಡೂ ಬದಿಗೆ ಪ್ರತಿಫಲನ ತಗ್ಗಿಸುವ ಮಲ್ಟಿ ಕೋಟಿಂಗ್ ಇರಲೇಬೇಕು. ಅಂಗಡಿಯಲ್ಲಿ ಫಿಲ್ಟರನ್ನು ಓರೆಯಾಗಿ ಹಿಡಿದು ಟ್ಯೂಬ್‌ಲೈಟ್‌ನ ಪ್ರತಿಬಿಂಬ ನೋಡಿ. ಬಿಂಬ ಮಂಕಾಗಿ, ತುಸು ಹಸಿರು ಅಥವಾ ನೇರಳೆಯಾಗಿ ಕಂಡರೆ ಕೋಟಿಂಗ್ ಇದೆ. ಕಿಟಕಿ ಗಾಜಿನಲ್ಲಿ ಕಾಣುವಷ್ಟು ಬೆಳ್ಳಗೆ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಪೋಲರೈಸರ್: ಮೊದಲು ಕೊಳ್ಳಬೇಕಾದದ್ದು

ನೀರು, ಎಲೆ, ಗಾಜು ಇವುಗಳ ಮೇಲ್ಮೈಯಿಂದ ಚಿಮ್ಮಿ ಬರುವ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಪೋಲರೈಸರ್ ಒಂದು ಸಾಲುಕಂಬಿಯ ಕಿಟಕಿ ಎಂದುಕೊಳ್ಳಿ. ಅದನ್ನು ತಿರುಗಿಸಿ ಸರಿಯಾದ ಕೋನಕ್ಕೆ ತಂದರೆ ಆ ಬೆಳಕಿಗೆ ತಡೆ, ಉಳಿದದ್ದಕ್ಕೆ ದಾರಿ. ಈ ವಿದ್ಯೆಗೆ ಸಮುದ್ರದ ಮೇಲೆ ನಡೆದ ಒಂದು ಕಥೆಯಿದೆ. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ನಾರ್ಕುಂಡಾ ಹಡಗಿನಲ್ಲಿ ಮರಳುತ್ತಿದ್ದರು. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂದು ಆಗ ನಂಬಿಕೆ. ರಾಮನ್ ಜೊತೆಯಲ್ಲಿದ್ದ ನಿಕಾಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ತಕ್ಕ ಕೋನದಲ್ಲಿ ನೀರಿನ ಮೇಲಿನ ಪ್ರತಿಫಲನವನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರೇ ಬೆಳಕನ್ನು ಚದುರಿಸುವುದರಿಂದ ಆ ನೀಲಿ ಎಂಬ ತೀರ್ಮಾನಕ್ಕೆ ಬಂದರು. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಆ ವಿಜ್ಞಾನಿಯ ಕೈಯಲ್ಲಿದ್ದ ಪಟ್ಟಕ ಮಾಡಿದ ಕೆಲಸವನ್ನೇ ಇಂದು ನಮ್ಮ ಲೆನ್ಸಿನ ಮುಂದಿನ ತಿರುಗುವ ಗಾಜು ಮಾಡುತ್ತದೆ. ಮಲ್ಪೆಯಲ್ಲಿ ದೋಣಿಯಲ್ಲಿ ಕೂತು ಪೋಲರೈಸರ್ ತಿರುಗಿಸಿದಾಗಲೆಲ್ಲ ನನಗೆ ಇದು ನೆನಪಾಗಿ ಮೈ ಜುಮ್ಮೆನ್ನುತ್ತದೆ.

ಅಂಗಡಿಯಲ್ಲಿ 'ಸಿಪಿಎಲ್' ಎಂದು ಕೇಳಿ, ಅಂದರೆ ಸರ್ಕ್ಯುಲರ್ ಪೋಲರೈಸರ್. ಇದು ಗಾಜಿನ ಆಕಾರದ ಹೆಸರಲ್ಲ. ಪೋಲರೈಸರ್‌ನ ಹಿಂದೆ ಇನ್ನೊಂದು ಪದರವಿದ್ದು, ಅದು ಬೆಳಕನ್ನು ಸುರುಳಿಯಾಗಿಸಿ ಕಳಿಸುತ್ತದೆ. ಡಿಎಸ್‌ಎಲ್‌ಆರ್‌ನ ಆಟೋಫೋಕಸ್ ಮತ್ತು ಬೆಳಕು ಅಳೆಯುವ ಮೀಟರ್ ಗೊಂದಲಕ್ಕೀಡಾಗದಿರಲು ಈ ಏರ್ಪಾಟು. ನಿಜವಾದದ್ದೇ ಎಂದು ಪರೀಕ್ಷಿಸುವುದು ಸುಲಭ. ಫಿಲ್ಟರ್‌ನ ಮುಂಬದಿಯನ್ನು ಕ್ಯಾಲ್ಕುಲೇಟರ್ ಪರದೆಯ ಕಡೆಗೆ ಹಿಡಿದು ತಿರುಗಿಸಿ, ಪರದೆ ಒಂದು ಹಂತದಲ್ಲಿ ಕಪ್ಪಾಗಬೇಕು. ಆಮೇಲೆ ಲೆನ್ಸಿಗೆ ಸಿಕ್ಕಿಸುವ ಬದಿ ಕನ್ನಡಿಯ ಕಡೆಗಿರುವಂತೆ ಕಣ್ಣಿನ ಮುಂದೆ ಹಿಡಿದು ಕನ್ನಡಿ ನೋಡಿ. ಕನ್ನಡಿಯಲ್ಲಿ ಕಾಣುವ ಫಿಲ್ಟರ್ ಕಪ್ಪಾಗಿದ್ದರೆ ಅದು ಸರ್ಕ್ಯುಲರ್. ಫಿಲ್ಟರಿನ ಮುಂಬದಿ ಕನ್ನಡಿಯ ಕಡೆಗೆ ಬರುವಂತೆ ಮಗುಚಿ ಹಿಡಿದರೆ ಆ ಕಪ್ಪು ಹೋಗಬೇಕು.

ಇನ್ನು ಬಳಕೆ. ಕ್ಯಾಮೆರಾವನ್ನು ಅಡ್ಡವಾಗಿಯೋ ಉದ್ದವಾಗಿಯೋ ಹಿಡಿದು ಚೌಕಟ್ಟು ನಿರ್ಧರಿಸಿ, ಆಮೇಲೆ ತಿರುಗಿಸಿ. ಕ್ಯಾಮೆರಾ ಹೊರಳಿಸಿದರೆ ಫಿಲ್ಟರನ್ನು ಮತ್ತೆ ಹೊಂದಿಸಬೇಕು. ಮುಂದಿನ ಉಂಗುರವನ್ನು ಮರೆ ಬಿಗಿಯಾಗುವ ದಿಕ್ಕಿಗೇ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ, ಇಲ್ಲದಿದ್ದರೆ ಫಿಲ್ಟರ್ ಸಡಿಲಾಗಿ ಕಣಿವೆಗೆ ಬೀಳುತ್ತದೆ. ನನ್ನದೊಂದು ಹಾಗೇ ಹೋಯಿತು.

ಆಕಾಶದ ನೀಲಿ ಗಾಢವಾಗುವುದು ಸೂರ್ಯನಿಂದ 90 ಡಿಗ್ರಿ ದೂರದಲ್ಲಿ. ಹೆಬ್ಬೆರಳು ಮತ್ತು ತೋರುಬೆರಳನ್ನು ಬಂದೂಕಿನಂತೆ ಬಿಡಿಸಿ, ತೋರುಬೆರಳನ್ನು ಸೂರ್ಯನತ್ತ ಚಾಚಿ, ಮಣಿಕಟ್ಟು ತಿರುವಿ. ಹೆಬ್ಬೆರಳು ತೋರಿಸುವ ಕಡೆಯೆಲ್ಲ ಪರಿಣಾಮ ಹೆಚ್ಚು. ಸೂರ್ಯ ಎದುರಿಗೋ ಬೆನ್ನಿಗೋ ಇದ್ದರೆ ಆಕಾಶದಲ್ಲಿ ಏನೂ ಬದಲಾಗದು. ಇದೇ ಕಾರಣಕ್ಕೆ ತೀರಾ ಅಗಲ ಕೋನದ ಲೆನ್ಸಿನಲ್ಲಿ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನಲ್ಲಾದರೆ ಸುಮಾರು 24 ಮಿ.ಮೀ.ಗಿಂತ ಅಗಲವಾದಾಗ, ಆಕಾಶದ ನಡುವೆ ಕಪ್ಪು ಪಟ್ಟೆ ಬಂದಂತೆ ಕಾಣುತ್ತದೆ. ಹಂಪಿಯ ಹೇಮಕೂಟದ ಮೇಲಿಂದ ತೆಗೆದ ಎಷ್ಟೋ ಚಿತ್ರಗಳು ಈ ಪಟ್ಟೆಯಿಂದ ಕೆಟ್ಟಿವೆ. ಅಂಥಲ್ಲಿ ಪರಿಣಾಮ ಅರ್ಧಕ್ಕೆ ಇಳಿಸಿ ಅಥವಾ ಫಿಲ್ಟರ್ ತೆಗೆದುಬಿಡಿ.

ನೀರಿನ ಒಳಗಿನ ಕಲ್ಲು, ಮೀನು ಕಾಣಬೇಕೆಂದರೆ ನೀರಿನ ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ಕೆಳಮುಖವಾಗಿ ನೋಡಬೇಕು. ಗಾಜಿಗಾದರೆ 34 ಡಿಗ್ರಿಯ ಆಸುಪಾಸು. ಲಾಲ್‌ಬಾಗಿನ ಗಾಜಿನ ಮನೆಗೆ ನೇರ ಎದುರು ನಿಂತು ಎಷ್ಟು ತಿರುಗಿಸಿದರೂ ಪ್ರತಿಬಿಂಬ ಹೋಗದು, ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಹೋಗುತ್ತದೆ. ಲೋಹದ ಹೊಳಪಿನ ಮೇಲೆ ಪೋಲರೈಸರ್‌ಗೆ ಹಿಡಿತವಿಲ್ಲ. ಮದುವೆ ಚಿತ್ರದಲ್ಲಿ ಚಿನ್ನದ ಒಡವೆ ಹಾಗೇ ಹೊಳೆಯುತ್ತದೆ, ಆದರೆ ಮುಖದ ಮೇಲಿನ ಎಣ್ಣೆಹೊಳಪು ಇಳಿಯುತ್ತದೆ. ಪೂರ್ತಿ ಇಳಿಸಿದರೆ ಮುಖ ಮಣ್ಣಿನ ಬೊಂಬೆಯಂತಾಗುವುದು, ಮೈಸೂರು ರೇಷ್ಮೆಯ ಸೀರೆಯ ಕಳೆಯೂ ಹೋಗುವುದು. ಅಲ್ಲಿ ಅರ್ಧ ತಿರುಗಿಸಿದರೆ ಸಾಕು.

ಒಂದು ಎಚ್ಚರ. ಕಾಮನಬಿಲ್ಲಿನ ಬೆಳಕೂ ಒಂದೇ ದಿಕ್ಕಿಗೆ ಕಂಪಿಸುವಂಥದ್ದು. ಜೋಗದ ತುಂತುರಿನಲ್ಲಿ ಬಿಲ್ಲು ಮೂಡಿದಾಗ ಫಿಲ್ಟರನ್ನು ಎಲೆಗಳಿಗೆ ಹೊಂದಿಸಿಟ್ಟು ಕ್ಲಿಕ್ ಮಾಡಿದರೆ ಚಿತ್ರದಲ್ಲಿ ಬಿಲ್ಲೇ ಇಲ್ಲದಿರಬಹುದು. ಬಿಲ್ಲನ್ನು ನೋಡುತ್ತಾ ತಿರುಗಿಸಿ. ಸರಿಯಾದ ಜಾಗದಲ್ಲಿ ಅದು ಬರಿಗಣ್ಣಿಗಿಂತ ಚೆನ್ನಾಗಿ ಕಾಣುತ್ತದೆ.

ಎನ್‌ಡಿ: ಹೊತ್ತನ್ನು ಹಿಗ್ಗಿಸುವ ಗಾಜು

ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್ ಒಂದು ಬೂದುಗಾಜು. ಬಣ್ಣ ಬದಲಿಸದೆ ಬೆಳಕನ್ನಷ್ಟೇ ಕಡಿಮೆ ಮಾಡುತ್ತದೆ. ಇದರಿಂದ ಹಗಲಿನಲ್ಲೇ ಶಟರನ್ನು ಸೆಕೆಂಡುಗಟ್ಟಲೆ ತೆರೆದಿಡಬಹುದು. ಬೆಳಕು ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್. ಎನ್‌ಡಿ 8 ಎಂದರೆ ಮೂರು ಸ್ಟಾಪ್, ಎನ್‌ಡಿ 64 ಆರು, ಎನ್‌ಡಿ 1000 ಹತ್ತು. ಕೆಲವು ಕಂಪನಿಗಳು ಇವನ್ನೇ 0.9, 1.8, 3.0 ಎಂದು ಬರೆಯುತ್ತವೆ. ಪ್ರತಿ 0.3ಕ್ಕೆ ಒಂದು ಸ್ಟಾಪ್ ಎಂದು ನೆನಪಿಟ್ಟರೆ ಎರಡೂ ಭಾಷೆ ಅರ್ಥವಾಗುತ್ತದೆ. ಲೆಕ್ಕ ಇನ್ನೂ ಸುಲಭ: ಫಿಲ್ಟರ್ ಇಲ್ಲದಾಗಿನ ಶಟರ್ ಸಮಯವನ್ನು ಎನ್‌ಡಿ ಮುಂದಿನ ಸಂಖ್ಯೆಯಿಂದ ಗುಣಿಸಿ. 1/30 ಸೆಕೆಂಡ್ ಇದ್ದದ್ದು ಎನ್‌ಡಿ 8ರಲ್ಲಿ ಸುಮಾರು ಕಾಲು ಸೆಕೆಂಡ್, ಎನ್‌ಡಿ 64ರಲ್ಲಿ ಎರಡು ಸೆಕೆಂಡ್, ಎನ್‌ಡಿ 1000ರಲ್ಲಿ ಅರ್ಧ ನಿಮಿಷದ ಮೇಲೆ.

ಮೊದಲನೆಯ ಎನ್‌ಡಿಯಾಗಿ 64 ಕೊಳ್ಳಿ. ಮಲೆನಾಡಿನ ಝರಿಗಳಿಗೂ ಸಂಜೆಯ ಕಡಲಿಗೂ ಅದು ಒದಗುತ್ತದೆ. ಎನ್‌ಡಿ 1000 ಸುಡುಬಿಸಿಲಿಗೆ, ನೀರನ್ನು ಪೂರ್ತಿ ಮಂಜಾಗಿಸುವುದಕ್ಕೆ. ತಿರುಗಿಸಿ ಕಡಿಮೆ ಹೆಚ್ಚು ಮಾಡುವ ವೇರಿಯಬಲ್ ಎನ್‌ಡಿ ಎರಡು ಪೋಲರೈಸರ್‌ಗಳ ಜೋಡಿ. ವಿಡಿಯೋ ಮಾಡುವವರಿಗೆ ವರ. ಸ್ಥಿರಚಿತ್ರಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ಅಗಲ ಲೆನ್ಸಿನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಕತ್ತರಿಯಂಥ ಕಪ್ಪು ನೆರಳು ಬೀಳುತ್ತದೆ.

ಜಾಗಕ್ಕೆ ಹೋದ ಮೇಲೆ ಕ್ರಮ ಹೀಗೆ:

1. ಟ್ರೈಪಾಡ್ ಊರಿ. ಮರಳಿನಲ್ಲಾದರೆ ಕಾಲುಗಳನ್ನು ಒತ್ತಿ ಹೂತು, ಒಂದೆರಡು ಅಲೆ ಬಂದು ಹೋಗುವವರೆಗೆ ಕಾಯಿರಿ. ಅಲೆ ಮರಳನ್ನು ಕೊರೆದು ಟ್ರೈಪಾಡ್ ಇಳಿಯುತ್ತಲೇ ಇರುತ್ತದೆ, ಚಿತ್ರ ಮಸುಕಾಗಲು ಅಷ್ಟು ಸಾಕು.
2. ಫಿಲ್ಟರ್ ಇಲ್ಲದೆಯೇ ಚೌಕಟ್ಟು ಕಟ್ಟಿ, ಫೋಕಸ್ ಮಾಡಿ, ತಕ್ಷಣ ಮ್ಯಾನ್ಯುಯಲ್ ಫೋಕಸ್‌ಗೆ ಬದಲಿಸಿ. ದಟ್ಟ ಎನ್‌ಡಿ ಹಾಕಿದ ಮೇಲೆ ಕ್ಯಾಮೆರಾಕ್ಕೆ ಫೋಕಸ್ ಹುಡುಕಲು ಬೆಳಕು ಸಾಲದು.
3. ಐಎಸ್‌ಒ (ಬೆಳಕಿನ ಸಂವೇದನೆ) 100, ಲೆನ್ಸಿನ ರಂಧ್ರ ಎಫ್ 8 ಅಥವಾ ಎಫ್ 11, ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫಾರ್ಮ್ಯಾಟ್. ಎಫ್ 22ಕ್ಕೆ ಇಳಿಸಿ ಫಿಲ್ಟರ್ ಉಳಿಸುವ ಆಸೆ ಬೇಡ, ಸೂಕ್ಷ್ಮ ವಿವರ ಮಂದವಾಗುತ್ತದೆ. ಒಂದು ಪರೀಕ್ಷಾ ಚಿತ್ರ ತೆಗೆದು ಶಟರ್ ಸಮಯ ಬರೆದುಕೊಳ್ಳಿ.
4. ಮ್ಯಾನ್ಯುಯಲ್ ಮೋಡ್‌ಗೆ ಹೋಗಿ, ಗುಣಿಸಿ ಬಂದ ಸಮಯ ಹಾಕಿ. 30 ಸೆಕೆಂಡ್ ದಾಟಿದರೆ ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಬಲ್ಬ್ ಮೋಡ್ ಮತ್ತು ಕೇಬಲ್ ರಿಲೀಸ್. ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ.
5. ಫಿಲ್ಟರನ್ನು ಮೆಲ್ಲಗೆ ತಿರುಗಿಸಿ ಕೂರಿಸಿ, ಫೋಕಸ್ ರಿಂಗ್ ಅಲುಗಿತೇ ನೋಡಿ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರನ್ನು ಮುಚ್ಚಿ, ಹಿಂದಿನಿಂದ ನುಸುಳುವ ಬೆಳಕು ದೀರ್ಘ ಎಕ್ಸ್‌ಪೋಷರ್ ಅನ್ನು ಕೆಡಿಸುತ್ತದೆ.
6. ಎರಡು ಸೆಕೆಂಡ್ ಟೈಮರ್ ಇಟ್ಟು ಕ್ಲಿಕ್ ಮಾಡಿ, ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ, ಸಮಯ ತಿದ್ದಿ ಮತ್ತೆ ತೆಗೆಯಿರಿ.

ಎಷ್ಟು ಹೊತ್ತು ತೆರೆದಿಡಬೇಕು? ನೀರು ಹರಿಯುವ ರಭಸ ಇದನ್ನು ಹೇಳಬೇಕು, ನಿಯಮವಲ್ಲ. ಶರಾವತಿ 253 ಮೀಟರ್ ಮೇಲಿಂದ ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ ಧುಮುಕುವ ಜೋಗ ತುಂಬಿ ಬಂದಾಗ ಎರಡು ಸೆಕೆಂಡ್ ತೆರೆದಿಟ್ಟರೆ ಸಿಗುವುದು ಸುಣ್ಣದ ಗೋಡೆ. ಆ ಭೋರ್ಗರೆತ ಚಿತ್ರದಲ್ಲಿ ಉಳಿಯಬೇಕೆಂದರೆ 1/8 ಸೆಕೆಂಡ್, ಇಲ್ಲವೇ ಫಿಲ್ಟರೇ ಇಲ್ಲದೆ ತೀರಾ ವೇಗದ ಶಟರ್. ಮಳೆಗಾಲ ಕಳೆದು ನೀರು ಎಳೆಎಳೆಯಾದಾಗ ಅರ್ಧದಿಂದ ಒಂದು ಸೆಕೆಂಡ್ ಚೆಂದ. ಕಲ್ಲಿನ ಮೇಲೆ ಜಾರುವ ಕಲ್ಲತ್ತಿಗಿರಿಯಂಥ ಸಣ್ಣ ಜಲಪಾತಕ್ಕೂ ಅಷ್ಟೇ ಸಾಕು. ಪೋಲರೈಸರ್ ತಾನೇ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಮೋಡದ ದಿನ ಕಾಡಿನ ನೆರಳಿನಲ್ಲಿ ಅದೊಂದೇ ಎನ್‌ಡಿಯ ಕೆಲಸ ಮಾಡಿಬಿಡುತ್ತದೆ, ಒದ್ದೆ ಬಂಡೆಯ ಹೊಳಪನ್ನೂ ತೆಗೆಯುತ್ತದೆ. ಆದ್ದರಿಂದ ಜಲಪಾತಕ್ಕೆ ಹೋಗುವಾಗ ಒಂದೇ ಫಿಲ್ಟರ್ ಒಯ್ಯಬೇಕೆಂದರೆ ನಾನು ಪೋಲರೈಸರನ್ನೇ ಆರಿಸುತ್ತೇನೆ.

ಗಾಳಿಗೆ ಅಲುಗುವ ಜರೀಗಿಡಗಳು ದೀರ್ಘ ಎಕ್ಸ್‌ಪೋಷರ್‌ನಲ್ಲಿ ಕಲಸಿಹೋಗುತ್ತವೆ. ಫಿಲ್ಟರ್ ತೆಗೆದು, ಟ್ರೈಪಾಡ್ ಅಲುಗಿಸದೆ ಇನ್ನೊಂದು ವೇಗದ ಚಿತ್ರ ತೆಗೆದಿಟ್ಟುಕೊಳ್ಳಿ, ಎರಡನ್ನೂ ಆಮೇಲೆ ಬೆಸೆಯಬಹುದು. ಅಗ್ಗದ ದಟ್ಟ ಎನ್‌ಡಿಗಳಲ್ಲಿ ಚಿತ್ರ ಕಂದು ಅಥವಾ ಕೆನ್ನೀಲಿಗೆ ವಾಲುತ್ತದೆ. ರಾ ಇದ್ದರೆ ಸ್ವಲ್ಪ ತಿದ್ದಬಹುದು. ಮಧ್ಯಕ್ಕೊಂದು ಬಣ್ಣ, ಅಂಚಿಗೊಂದು ಬಣ್ಣ ಬಂದರೆ ತಿದ್ದುವುದು ಕಷ್ಟ. ಕೊಂಡ ದಿನವೇ ಬಿಳಿ ಗೋಡೆಯ ಚಿತ್ರ ತೆಗೆದು ನೋಡಿ, ಹಿಂದಿರುಗಿಸಲು ಅವಕಾಶವಿರುವಾಗಲೇ.

ಕರಾವಳಿಯ ಸಂಜೆಗೆ ಗ್ರ್ಯಾಜುಯೇಟೆಡ್ ಎನ್‌ಡಿ

ಮೇಲರ್ಧ ಬೂದು, ಕೆಳಗರ್ಧ ತಿಳಿ. ಆಕಾಶ ಬೆಳಗಿ, ನೆಲ ಕತ್ತಲಾದಾಗ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಇದು. ತಿರುಗಿಸಿ ಕೂರಿಸುವ ದುಂಡನೆಯದನ್ನು ಕೊಳ್ಳಬೇಡಿ. ಅದರ ಗಡಿ ಯಾವಾಗಲೂ ಚಿತ್ರದ ನಟ್ಟನಡುವೆ ಬರುತ್ತದೆ, ದಿಗಂತ ಅಲ್ಲಿರಬೇಕೆಂದೇನೂ ಇಲ್ಲವಲ್ಲ. 100 ಮಿ.ಮೀ. ಹೋಲ್ಡರಿನೊಳಗೆ ಮೇಲೆ ಕೆಳಗೆ ಜಾರಿಸುವ ಆಯತದ ಗಾಜು ಸರಿ.

ಮರವಂತೆಯಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ದಿಗಂತ ನೇರ ಗೆರೆ. ಅಲ್ಲಿ ಬೂದು ಥಟ್ಟನೆ ಮುಗಿಯುವ ಹಾರ್ಡ್ ಎಡ್ಜ್ ಹೊಂದುತ್ತದೆ. ಕುದುರೆಮುಖದ ಗುಡ್ಡಸಾಲಿಗೆ ಅದನ್ನೇ ಹಾಕಿದರೆ ಶಿಖರದ ತುದಿ ಕಪ್ಪಾಗುವುದರಿಂದ ಬೂದು ನಿಧಾನವಾಗಿ ಕರಗುವ ಸಾಫ್ಟ್ ಎಡ್ಜ್ ಬೇಕು. ಸೂರ್ಯ ನೀರಿಗೆ ತಾಕುವ ಹೊತ್ತಿಗೆ ಗಡಿಯಲ್ಲೇ ಅತಿ ದಟ್ಟವಾಗಿರುವ ರಿವರ್ಸ್ ಗ್ರ್ಯಾಡ್ ಉಪಯುಕ್ತ. ಮೊದಲು ನೆಲಕ್ಕೆ ಮೀಟರ್ ಮಾಡಿ, ಆಮೇಲೆ ಆಕಾಶಕ್ಕೆ. ನೆಲಕ್ಕೆ 1/15, ಆಕಾಶಕ್ಕೆ 1/125 ಬಂದರೆ ಮೂರು ಸ್ಟಾಪ್ ಅಂತರ. ಮೂರನ್ನೂ ಕಳೆಯಬೇಡಿ. ಎರಡು ಸ್ಟಾಪಿನ ಗಾಜು ಹಾಕಿದರೆ ಆಕಾಶ ನೀರಿಗಿಂತ ತುಸು ಬೆಳಗಿಯೇ ಇದ್ದು ಚಿತ್ರ ಸಹಜವಾಗಿರುತ್ತದೆ. ಬ್ರ್ಯಾಕೆಟಿಂಗ್ ಮಾಡಿ, ಅಂದರೆ ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆದು, ಎರಡು ಮೂರು ಚಿತ್ರ ಬೆಸೆದರೂ ಇದೇ ಫಲ ಸಿಗುತ್ತದೆ, ಬೆಟ್ಟಗಳಿಗೆ ನಾನು ಹಾಗೇ ಮಾಡುತ್ತೇನೆ. ಅಲೆ ಮಾತ್ರ ಎರಡು ಚಿತ್ರಗಳಲ್ಲಿ ಒಂದೇ ಥರ ಇರುವುದಿಲ್ಲ. ಕಡಲು ನಿಮ್ಮ ವಸ್ತುವಾದರೆ ಈ ಗಾಜಿಗೆ ಬೆಲೆಯಿದೆ.

ಯುವಿ ಫಿಲ್ಟರ್ ಮತ್ತು ಸೂರ್ಯ

ಡಿಜಿಟಲ್ ಸೆನ್ಸರಿನ ಮುಂದೆಯೇ ಅತಿನೇರಳೆ ತಡೆಯುವ ಪದರ ಇರುವುದರಿಂದ ಯುವಿ ಫಿಲ್ಟರ್ ಈಗ ಬರೀ ಕಾವಲಿನ ಗಾಜು. ಉಪ್ಪುಗಾಳಿ, ಓಕುಳಿಯ ಬಣ್ಣ, ಜಾತ್ರೆಯ ಧೂಳು ಇರುವಲ್ಲಿ ಹಾಕಿ. ಬೀಳುವ ಪೆಟ್ಟಿಗೆ ಹುಡ್ ಇನ್ನೂ ಒಳ್ಳೆಯ ರಕ್ಷಣೆ. ರಾತ್ರಿ ದೀಪಗಳ ಮುಂದೆ ಅದನ್ನು ಕಳಚಿಡಿ. ಸುಮಾರು ಒಂದು ಲಕ್ಷ ಬಲ್ಬು ಬೆಳಗುವ ಮೈಸೂರು ಅರಮನೆಯ ಚಿತ್ರದಲ್ಲಿ ಕಪ್ಪು ಆಕಾಶದಲ್ಲಿ ತಲೆಕೆಳಗಾದ ದೀಪದ ಚುಕ್ಕಿಗಳು ಕಂಡರೆ ಅದು ಈ ಗಾಜಿನ ಕೆಲಸ.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಮಂಗಳೂರು, ದಕ್ಷಿಣ ಕೊಡಗಿನ ಮೇಲೆ ಹಾದುಹೋದಾಗ ಎನ್‌ಡಿ 1000 ಸಾಕೇ ಎಂದು ಹಲವರು ಕೇಳಿದ್ದರು. ಸಾಲದು. ಅದು ಬೆಳಕನ್ನು ಸಾವಿರದ ಒಂದು ಪಾಲಿಗೆ ಇಳಿಸುತ್ತದೆ, ಸೂರ್ಯನಿಗೆ ಲಕ್ಷದ ಒಂದು ಪಾಲಿಗೆ ಇಳಿಸುವ, ಅದಕ್ಕೆಂದೇ ತಯಾರಾದ ಸೋಲಾರ್ ಫಿಲ್ಟರ್ ಬೇಕು. ಎನ್‌ಡಿ ಹಾಕಿ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ಕಪ್ಪಾಗಿ ಕಂಡರೂ ಕಾಣದ ಅತಿಕೆಂಪು ಕಿರಣ ಒಳಗೆ ಬರುತ್ತಿರುತ್ತದೆ.

ಜೋಪಾನ

ಕಡಲಿಂದ ಬಂದ ಫಿಲ್ಟರನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಕೋಟಿಂಗನ್ನು ಗೀರುತ್ತದೆ. ಲೆನ್ಸಿನಿಂದ ಕಳಚಿ, ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ ಉಪ್ಪನ್ನು ಕರಗಿಸಿ ತೆಗೆದು, ನೆರಳಿನಲ್ಲಿ ಒಣಗಿಸಿ. ಪೋಲರೈಸರನ್ನು ನೀರಿನಲ್ಲಿ ಮುಳುಗಿಸಬಾರದು, ಪದರಗಳ ನಡುವೆ ನೀರು ಹೋದರೆ ಮುಗಿಯಿತು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಲೂಬೇಡಿ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಅದನ್ನು ಬಿಸಿ ಮಾಡಿ ಮರುಬಳಕೆ.

ಫಿಲ್ಟರ್ ಸಿಕ್ಕಿಕೊಂಡರೆ ಬೆರಳುಗಳಿಂದ ಎರಡು ಕಡೆ ಒತ್ತಿ ಹಿಡಿದು ತಿರುವಬೇಡಿ. ತೆಳು ಉಂಗುರ ಅಂಡಾಕಾರಕ್ಕೆ ಬಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಅಗಲವಾದ ರಬ್ಬರ್ ಬ್ಯಾಂಡನ್ನು ಉಂಗುರದ ಸುತ್ತ ಬಿಗಿದು, ಎಲ್ಲ ಬೆರಳುಗಳಿಂದ ಸಮವಾಗಿ, ಹಗುರವಾಗಿ ಹಿಡಿದು ತಿರುವಿ. ಬರದಿದ್ದರೆ ಹೊಸ ರಬ್ಬರ್ ಚಪ್ಪಲಿಯ ಅಡಿಯನ್ನು ಸಮತಟ್ಟಾಗಿ ಇಟ್ಟು ಅದರ ಮೇಲೆ ಲೆನ್ಸನ್ನು ಬೋರಲಾಗಿ ಮೆಲ್ಲಗೆ ಒತ್ತಿ, ಉಂಗುರದ ಅಂಚು ಮಾತ್ರ ತಾಗುವಂತೆ ನೋಡಿಕೊಂಡು, ಲೆನ್ಸನ್ನು ತಿರುಗಿಸಿ.